ಚಿತ್ರದ ಕೆಳಗಿನ ಹೆಸರು

೧೨ ನವೆಂಬರ್ ೨೦೦೯, ಗುರುವಾರ. ಬನಹಟ್ಟಿ

ಇದು ಇವರ ಡೈರಿ. ಅಕ್ಟೋಬರ್ ಎಂಟರವರೆಗೆ ಇವರ ಅಕ್ಷರ, ಮುಂದೆ ಖಾಲಿ. ಕಾಗದ ಹಾಳಾಗುವುದು ಬೇಡವೆಂದು ನಾನು ಬರೆಯುತ್ತಿದ್ದೇನೆ, ಬೇರೆ ಕಾರಣವೇನೂ ಇಲ್ಲ.

ಒಂಬತ್ತನೆಯ ತಾರೀಖು ಬೆಳಿಗ್ಗೆ ಜಮಖಂಡಿ ಕಾಲೇಜಿಗೆ ಹೊರಟವರು ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದರು. ಮಿದುಳಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ನಲವತ್ತಮೂರು ವರ್ಷದವರಿಗೆ. ಕಾಲು ಬಂತು, ಬಲಗೈ ಮುಕ್ಕಾಲು ಬಂತು, ಮಾತು ಬರಲಿಲ್ಲ. ನಾವು ಹೇಳಿದ್ದು ತಿಳಿಯುತ್ತದೆ. ವಸ್ತು ಯಾವುದೆಂದು ಗೊತ್ತಾಗುತ್ತದೆ, ಅದರ ಹೆಸರು ಸಿಗುವುದಿಲ್ಲ. ಇವತ್ತು ಚಮಚ ಹಿಡಿದುಕೊಂಡು "ಅದು... ಅದು..." ಎಂದು ನನ್ನ ಮುಖ ನೋಡಿದರು. ನನಗೆ ಅಳುವಿಗಿಂತ ಮೊದಲು ಸಿಟ್ಟೇ ಬರುತ್ತದೆ. ಗಣಿತದ ಮಾಸ್ತರರಿಗೆ ಚಮಚ ಮರೆಯುವುದೆಂದರೇನು.

ಮಧ್ಯಾಹ್ನ ಗುರುಪಾದ ಸರ್ ಬಂದಿದ್ದರು, ಇವರ ಪಿಎಚ್.ಡಿ. ಗೈಡು. ಪ್ರಬಂಧ ನಮ್ಮ ಕಡೆಯ ಸೀರೆಗಳ ಅಂಚಿನ ಮೇಲೆ, ನಾವು ದಡಿ ಎನ್ನುತ್ತೇವಲ್ಲ, ಅದರ ಮೇಲೆ. ಒಂದು ಪಟ್ಟಿಯಲ್ಲಿ ಆಕೃತಿ ಮತ್ತೆ ಮತ್ತೆ ಬರಬಹುದಾದ ರೀತಿ ಏಳೇ ಏಳಂತೆ. ಆ ಏಳೂ ನಮ್ಮ ನೇಕಾರರ ದಡಿಗಳಲ್ಲಿವೆ ಎಂದು ಇವರು ಇಷ್ಟು ವರ್ಷ ಕೂತು ತೋರಿಸಿದ್ದಾರೆ. ಬರಹವೆಲ್ಲ ಮುಗಿದಿದೆ. ಉಳಿದದ್ದು ನೂರಾ ಹನ್ನೆರಡು ಫೋಟೋ. ಅವುಗಳ ಕೆಳಗೆ ಹೆಸರು ಬರೆಯುವುದನ್ನು ಕೊನೆಗೆ ಮಾಡಿದರಾಯಿತೆಂದು ಬಿಟ್ಟಿದ್ದರು. ಎಲ್ಲವೂ ತಲೆಯಲ್ಲಿತ್ತು.

ಮಾರ್ಚ್ ಮೂವತ್ತೊಂದಕ್ಕೆ ನೋಂದಣಿ ಮುಗಿಯುತ್ತದೆ. ಎರಡು ಸಲ ಮುಂದೂಡಿ ಆಗಿದೆ, ಮೂರನೆಯದಕ್ಕೆ ಅವಕಾಶವಿಲ್ಲ. ಇನ್ನೊಂದು ತೊಡಕು. ಯಾರೋ ಬರೆದುಕೊಟ್ಟ ಪ್ರಬಂಧಗಳು ಬಂದವೆಂದು ವಿಶ್ವವಿದ್ಯಾಲಯದವರು ಈಗ ಅಭ್ಯರ್ಥಿಯನ್ನೇ ಎದುರಿಗೆ ಕರೆಸುತ್ತಾರೆ. "ತಮ್ಮ ಹೆಸರು ತಾವ ಬಾಯಿಬಿಟ್ಟು ಹೇಳಬೇಕ್ರಿ, ಸಹಿ ಮಾಡಬೇಕು. ಅಷ್ಟಾದ್ರ ಮುಂದಿಂದು ನಾ ನೋಡ್ಕೋತೇನಿ," ಎಂದರು ಸರ್.

ಸಹಿ ಇವರು ಮಾಡುತ್ತಾರೆ, ಕೈ ಅದನ್ನು ಮರೆತಿಲ್ಲ. ಹೆಸರು ನಾಲ್ಕೂವರೆ ತಿಂಗಳಲ್ಲಿ ಬಂದೀತು. ಚಿತ್ರಗಳನ್ನು ನಾನು ಕೂಡಿಸುತ್ತೇನೆ ಎಂದೆ. ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಮದುವೆಯಾಗಿ ಪುಸ್ತಕ ಕಟ್ಟಿಟ್ಟವಳು, ಯಾವ ಧೈರ್ಯದಲ್ಲಿ ಅಂದೆನೋ.

೨೦ ನವೆಂಬರ್

ಇವರ ಕಂಪ್ಯೂಟರಿನಲ್ಲಿ ಎಲ್ಲರ ಹಾಗೆ ಸುಮ್ಮನೆ ಟೈಪು ಮಾಡುವುದಿಲ್ಲ. ಲೇಟೆಕ್ ಎಂಬುದಿದೆ. ಅದರಲ್ಲಿ ಬರೆಯುವಾಗ ಪುಟ ಕಣ್ಣಿಗೆ ಕಾಣುವುದಿಲ್ಲ. ಹೀಗೆ ಮಾಡು, ಹಾಗೆ ಮಾಡು ಎಂದು ಆಜ್ಞೆ ಬರೆಯಬೇಕು, ಕೊನೆಗೆ ಅದು ಪುಟ ಮಾಡಿ ಕೊಡುತ್ತದೆ. ಸ್ವಭಾವ ನಮ್ಮ ಅತ್ತೆಯಂಥದ್ದು. ಒಂದು ಬ್ರಾಕೆಟ್ ಬಿಟ್ಟರೆ ಇಡೀ ಅಡುಗೆ ವಾಪಸ್ಸು.

ತೊಂದರೆ ಚಿತ್ರಗಳದು. ಲೇಟೆಕ್ ಚಿತ್ರವನ್ನು ನಾವು ಇಟ್ಟಲ್ಲಿ ಇಡುವುದಿಲ್ಲ, ತನಗೆ ತೋಚಿದ ಪುಟಕ್ಕೆ ಕಳಿಸುತ್ತದೆ. ಗೋಮಿ ದಡಿಯ ಮಾತು ಹನ್ನೆರಡನೆಯ ಪುಟದಲ್ಲಿ, ಗೋಮಿ ದಡಿ ಮೂವತ್ತರಲ್ಲಿ. ಇಲ್ಲೇ ಇಡು ಎಂದು ಹಠ ಹಿಡಿದರೆ ಇಡುತ್ತದೆ, ಹಿಂದಿನ ಪುಟವನ್ನು ಅರ್ಧ ಖಾಲಿ ಬಿಟ್ಟು. ಚಿತ್ರಗಳು ಹೆಚ್ಚಾದರೆ ಕೈಯಲ್ಲಿರುವವೇ ಬಹಳವಾದವು ಎಂದು ಹೇಳಿ ನಿಂತುಬಿಡುತ್ತದೆ. ವಿಶ್ವವಿದ್ಯಾಲಯದ ನಿಯಮವೋ, ಮಾತು ಬಂದ ಪುಟದಲ್ಲೇ ಚಿತ್ರ, ಚಿತ್ರದ ಕೆಳಗೆ ಹೆಸರು, ಹೆಸರಿನ ಕೆಳಗೆ ನೇಯ್ದವರು ಯಾರು, ಯಾವ ಊರು.

ಕರೆಂಟ್ ಇದ್ದಾಗ ಓಣಿಯ ಪವರ್‌ಲೂಮೆಲ್ಲ ಒಮ್ಮೆಲೇ ಬಡಿಯುತ್ತವೆ, ಅತ್ತೆ ನೋಡಿಕೊಳ್ಳುವ ನಮ್ಮ ಎರಡು ಮಗ್ಗವೂ ಸೇರಿ. ಆಗ ಕಂಪ್ಯೂಟರ್ ನಡೆಯುತ್ತದೆ, ಮಾತು ಕೇಳಿಸುವುದಿಲ್ಲ. ಕರೆಂಟ್ ಹೋದಾಗ ಮಾತು ಕೇಳಿಸುತ್ತದೆ, ಕಂಪ್ಯೂಟರ್ ನಡೆಯುವುದಿಲ್ಲ. ಚಿತ್ರಕ್ಕೆ ಒಂದು ಹೊತ್ತು, ಮಾತು ಕಲಿಸಲು ಒಂದು ಹೊತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ.

೧ ಡಿಸೆಂಬರ್, ಮಂಗಳವಾರ

ಇವರನ್ನು ಕರೆದುಕೊಂಡು ಜಮಖಂಡಿಗೆ ಹೋಗಿದ್ದೆ. ಮಾತು ಕಲಿಸುವ ರೇಷ್ಮಾ ಮೇಡಂ ಮಂಗಳವಾರ ಮಾತ್ರ ಅಲ್ಲಿಗೆ ಬರುತ್ತಾರೆ. ಚಿಕ್ಕ ವಯಸ್ಸಿನವರು, ತಾಳ್ಮೆ ಮಾತ್ರ ಬಹಳ. ಚಿತ್ರದ ಕಾರ್ಡು ಒಂದೊಂದಾಗಿ ತೋರಿಸಿದರು. ಆಕಳು, ಕೊಡ, ಕುರ್ಚಿ. ಅವರು ಮೊದಲು ಹೇಳಿದರೆ ಇವರು ಹಿಂದೆಯೇ ಹೇಳುತ್ತಾರೆ, ಸ್ಪಷ್ಟವಾಗಿ. ಎರಡು ನಿಮಿಷ ಬಿಟ್ಟು ಅದೇ ಕಾರ್ಡು ತೋರಿಸಿದರೆ ಇಲ್ಲ.

ಮೊದಲ ಆರು ತಿಂಗಳಲ್ಲಿ ಬಂದದ್ದು ಬಂತು, ಆಮೇಲೆ ಕಷ್ಟ ಎಂದರು. ಮನೆಯಲ್ಲಿ ಹೆಚ್ಚು ಸಲ ಕಿವಿಗೆ ಬಿದ್ದ ಮಾತು ಮೊದಲು ಮರಳುತ್ತದಂತೆ. ಮಾರ್ಚ್ ತಿಂಗಳ ವಿಷಯ ಹೇಳಿದೆ. "ಹಂಗಾದ್ರ ದಿನಾ ಮೂವತ್ತು ಸಲ ಹೆಸರು ಹಿಡಿದು ಕರೀರಿ. ಕರದು, ಅವರ ಎದಿ ಮ್ಯಾಲೆ ಕೈ ಇಟ್ಟು ತೋರಸ್ರಿ," ಎಂದರು.

ಹೂಂ ಎಂದೆ.

೯ ಡಿಸೆಂಬರ್

ಆಗುವುದಿಲ್ಲ. ನಾಲಿಗೆಯವರೆಗೆ ಬರುತ್ತದೆ, ಹಲ್ಲು ದಾಟುವುದಿಲ್ಲ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಒಂದೇ ಸಲ ಹೇಳಿದ್ದೇನೆ, ಮದುವೆಯ ದಿನ. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು ಹೇಳಿಸಿದ್ದರು, ಅದೂ ಒಡಪಿನ ಪ್ರಾಸದಲ್ಲಿ ಹೊಂದಿಸಿ, ಸೆರಗು ಬಾಯಿಗಿಟ್ಟುಕೊಂಡು. ಆಮೇಲೆಲ್ಲ "ಏನ್ರಿ", "ಏನ್ರಿ, ನೋಡ್ರಿ ಇಲ್ಲೆ". ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಓದಿದವಳು, ನಂಬುವುದಿಲ್ಲ. ಆದರೆ ಅಕ್ಟೋಬರ್ ಒಂಬತ್ತು ಆದ ಮೇಲೆ ನಂಬದೆ ಇರುವುದಕ್ಕೂ ಧೈರ್ಯ ಬೇಕು.

ನೀವೇ ಕರೆಯಿರಿ ಎಂದು ಅತ್ತೆಗೆ ಹೇಳಿದೆ. ಅತ್ತೆ ಗುರುಬಸವ್ವ ನನಗೆ ಹುಚ್ಚು ಹಿಡಿದಿದೆಯೇನೋ ಎಂಬಂತೆ ನೋಡಿದರು. ಇವರಿಗಿಟ್ಟದ್ದು ಇವರ ಅಜ್ಜನ ಹೆಸರು. ಅಂದರೆ ಅತ್ತೆಯ ಮಾವನ ಹೆಸರು. "ನಮ್ಮ ಮಾವನ ಹೆಸರ ನಾ ಹೆಂಗ ತಗೀಲಿ ಯವ್ವಾ?" ಎಂದರು. ಹುಟ್ಟಿದಾಗಿನಿಂದ ಮಗನನ್ನು ಅವರು "ಅಪ್ಪಾ" ಎಂದೇ ಕರೆದದ್ದು. ಕಾಲೇಜಿನಲ್ಲಿ ಎಲ್ಲರಿಗೂ ಸರ್. ಮನೆಯಲ್ಲಿ ನಾವು ಮೂರೇ ಜನ. ಯೋಚಿಸಿದರೆ ಈ ಮನೆಯಲ್ಲಿ ಇವರ ಹೆಸರನ್ನು ಯಾರೂ ಎಂದೂ ಕೂಗಿಲ್ಲ. ಅದು ರೇಶನ್ ಕಾರ್ಡಿನಲ್ಲಿದೆ, ಪ್ರಬಂಧದ ಮೊದಲ ಪುಟದಲ್ಲಿದೆ.

ಇಂಗ್ಲಿಷಿನಲ್ಲಿ ಟೈಪು ಮಾಡಲು ಅಡ್ಡಿಯಿಲ್ಲ, ಮಾಡಿದ್ದೇನೆ. ಇಲ್ಲಿ ಬರೆಯುವುದಿಲ್ಲ.

೨೪ ಡಿಸೆಂಬರ್

ಇವರ ನೋಟುಬುಕ್ಕಿನಲ್ಲಿ ದಾರಿ ಸಿಕ್ಕಿತು. ಲೇಟೆಕ್‌ನಲ್ಲಿ ನಮ್ಮದೇ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಬಹುದು. ಒಂದು ಚೌಕಟ್ಟು ಎನ್ನಬೇಕು. ಅದರ ಆರಂಭದಲ್ಲಿ ಏನಾಗಬೇಕು, ಮುಗಿಯುವಾಗ ಏನಾಗಬೇಕು ಎಂದು ಒಮ್ಮೆ ಹೇಳಿಟ್ಟರೆ ನೂರಾ ಹನ್ನೆರಡು ಸಲವೂ ಹಾಗೇ ನಡೆಯುತ್ತದೆ. ಚಿತ್ರ, ಸಂಖ್ಯೆ, ಹೆಸರು, ನೇಯ್ದವರು, ಊರು, ಎಲ್ಲ ಒಂದೇ ಗಂಟು. ಬಿಟ್ಟು ಹೋಗುವಂತಿಲ್ಲ.

ಅದಕ್ಕೊಂದು ಹೆಸರಿಡಬೇಕು. ಕೊಂಡಿ ಎಂದಿಟ್ಟೆ. ಕೈಮಗ್ಗದಲ್ಲಿ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಹಾಕಿ ಜೋಡಿಸುತ್ತಿದ್ದರಲ್ಲ, ಆ ಕೊಂಡಿ. ಕಂಪ್ಯೂಟರಿಗೆ ಕೊಂಡಿ ಹಾಕುವುದು ಕಲಿಸುತ್ತಿದ್ದೇನೆ ಎಂದು ಅತ್ತೆಗೆ ಹೇಳಿದೆ. ಯಂತ್ರಕ್ಕೆ ಅದು ಬರುವುದಿದ್ದರೆ ನಾವೇಕೆ ಕಣ್ಣು ಕಳೆದುಕೊಳ್ಳುತ್ತಿದ್ದೆವು ಎಂದರು.

ಕರೆಂಟ್ ಹೋದಾಗ ಕೂತು ಕೊಂಡಿಯ ಆಜ್ಞೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಬಂದ ಮೇಲೆ ಹೊತ್ತು ಹಾಳಾಗಬಾರದಲ್ಲ. ಕಾರ್ಡುಗಳನ್ನು ನಾಳೆ ತೋರಿಸಿದರಾಯಿತು.

೩ ಜನವರಿ ೨೦೧೦

ಎರರ್. ಚಿತ್ರದ ಹೆಸರನ್ನು ಕೊಂಡಿಯ ಆರಂಭದಲ್ಲೇ ಕೊಡಬೇಕು. ಆದರೆ ಅದು ಅಚ್ಚಾಗಬೇಕಾದದ್ದು ಚಿತ್ರದ ಕೆಳಗೆ, ಅಂದರೆ ಮುಗಿಯುವಾಗ. ಮುಗಿಯುವ ಹೊತ್ತಿಗೆ ಲೇಟೆಕ್‌ಗೆ ಅದು ನೆನಪಿರುವುದಿಲ್ಲ. ಆರಂಭದಲ್ಲಿ ಕೊಟ್ಟ ಮಾತು ಆರಂಭಕ್ಕೇ ಮುಗಿಯಿತು. ನೋಟುಬುಕ್ಕಿನಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ.

ಇವರನ್ನೇ ಕೇಳಿದೆ. ಏನ್ರಿ, ಇಲ್ಲೆ ನೋಡ್ರಿ, ಇದು ಯಾಕ ಹಿಂಗ? ಪರದೆಯನ್ನು ಬಹಳ ಹೊತ್ತು ನೋಡಿದರು. ಇವರಿಗೆ ಗೊತ್ತಿತ್ತು. ಅದು ಕಣ್ಣಿನಲ್ಲಿ ಕಾಣುತ್ತಿತ್ತು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ಇನ್ನು ಕೇಳುವುದಿಲ್ಲ.

೬ ಜನವರಿ

ಅದೇ ಎರರ್.

೧೫ ಜನವರಿ

ಬಿಡಿಸಿದೆ. ಆರಂಭದಲ್ಲಿ ಕೊಟ್ಟ ಹೆಸರನ್ನು ಆಗಲೇ ಒಂದು ಡಬ್ಬಿಯಲ್ಲಿ ಎತ್ತಿಡು ಎನ್ನಬೇಕು, ಮುಗಿಯುವಾಗ ಆ ಡಬ್ಬಿ ತೆಗೆ ಎನ್ನಬೇಕು. ಇಷ್ಟೇ. ಇಷ್ಟಕ್ಕೆ ಹನ್ನೆರಡು ದಿನ. ಚಿತ್ರದ ಅಳತೆಯನ್ನೂ ಕೊಂಡಿಗೇ ಕೊಡುವ ಹಾಗೆ ಮಾಡಿದೆ. ಪುಟದಲ್ಲಿ ಉಳಿದಷ್ಟು ಜಾಗಕ್ಕೆ ಚಿತ್ರ ಕುಗ್ಗುತ್ತದೆ, ಅರ್ಧ ಖಾಲಿ ಪುಟದ ಕಾಟ ತಪ್ಪಿತು.

ನೇಯ್ದವರ ಹೆಸರು, ಊರು ಬಹುತೇಕ ಫೋಟೋಗಳ ಹಿಂದೆ ಇವರ ಅಕ್ಷರದಲ್ಲೇ ಇವೆ. ದಡಿಗಳ ಹೆಸರು ಹೇಳುವುದು ಅತ್ತೆಯ ಕೆಲಸ. ಫೋಟೋ ಕಣ್ಣಿಗೆ ಹತ್ತಿರ ಹಿಡಿದು, ಬೆರಳಾಡಿಸಿ ಹೇಳುತ್ತಾರೆ, ಬಟ್ಟೆಯೇ ಕೈಯಲ್ಲಿದೆ ಎಂಬಂತೆ. ಇಪ್ಪತ್ತೆರಡನೆಯದರ ಕೆಳಗೆ ಗಾಡಿ ದಡಿ ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಇವರು ಪರದೆಗೆ ಬೆರಳಿನಿಂದ ಹೊಡೆದು ತಲೆ ಅಲ್ಲಾಡಿಸಿದರು. ಒಂದೊಂದೇ ಬೇರೆ ಹೆಸರು ಹೇಳಿದೆ, ಯಾವುದೂ ಅಲ್ಲ. ಕೊನೆಗೆ ನೋಡಿದರೆ ಹೆಸರು ಸರಿಯೇ ಇತ್ತು, ಚಿತ್ರವನ್ನು ನಾನು ತಲೆಕೆಳಗಾಗಿ ಕೂಡಿಸಿದ್ದೆ. ಇಬ್ಬರೂ ನಕ್ಕೆವು. ಅಕ್ಟೋಬರ್ ನಂತರ ಇದೇ ಮೊದಲು.

೨ ಫೆಬ್ರವರಿ, ಮಂಗಳವಾರ

ದಿನಾ ಕರೆಯುತ್ತೀರಾ ಎಂದು ರೇಷ್ಮಾ ಮೇಡಂ ಕೇಳಿದರು. ಕರೀತೀನ್ರಿ ಎಂದೆ. ಸುಳ್ಳೇನೂ ಅಲ್ಲ, ದಿನಕ್ಕೆ ನೂರು ಸಲ ಕರೆಯುತ್ತೇನೆ. ಏನೆಂದು ಕರೆಯುತ್ತೀರಿ ಎಂದು ಅವರು ಬಿಡಿಸಿ ಕೇಳಲಿಲ್ಲ.

ಕಾರ್ಡು ನೋಡಿ ಇವರು ತಾವಾಗಿಯೇ ಆಕಳು ಎಂದರು. ನನಗೆ ಎದ್ದು ಕುಣಿಯಬೇಕೆನಿಸಿತು. ಆಮೇಲೆ ಕೊಡಕ್ಕೂ ಆಕಳು ಎಂದರು, ಕುರ್ಚಿಗೂ.

೧೧ ಫೆಬ್ರವರಿ

ಮುಧೋಳದಲ್ಲಿ ಬಸ್ಸು ಬದಲಿಸಿ ಬೀಳಗಿ ಕಡೆ ಹೋಗಿ ಬಂದೆ. ಅರವತ್ತೇಳನೆಯ ದಡಿಯನ್ನು ಅತ್ತೆಯೂ ಗುರುತಿಸಲಿಲ್ಲ. ಫೋಟೋದ ಹಿಂದೆ ಇವರ ಅಕ್ಷರದಲ್ಲಿ ಭಾಗವ್ವ ಎಂದೂ, ಒಂದು ಪುನರ್ವಸತಿ ಕೇಂದ್ರದ ಮನೆ ನಂಬರೂ ಇತ್ತು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

ಭಾಗವ್ವ ಟ್ರಂಕಿನಿಂದ ಸೀರೆ ತೆಗೆದು ಹಾಸಿದಳು. ಅವಳಿಗೆಂದು ಅವಳ ಗಂಡನೇ ನೇಯ್ದದ್ದು. ದಡಿ ಅವನೇ ಹುಟ್ಟಿಸಿದ್ದು, ಅಂಥದ್ದು ಇನ್ನೊಂದಿಲ್ಲ, ಅದಕ್ಕೇ ಹೆಸರೂ ಇಲ್ಲ. ನೇಯ್ದವರ ಹೆಸರಾದರೂ ಬೇಕಲ್ಲ, ಕೇಳಿದೆ. ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ಕೂತಳು. ಆಮೇಲೆ, ಫೋಟೋ ತೆಗೆದ ಮಾಸ್ತರರ ಹೆಸರೇನೆಂದು ನನ್ನನ್ನೇ ಕೇಳಿದಳು. ನಾನೂ ಸುಮ್ಮನೆ ಕೂತೆ. ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಕೊನೆಗೆ ಪಕ್ಕದ ಮನೆಯವಳು ಕಟ್ಟೆಯ ಮೇಲಿಂದಲೇ ಹುಲೆಪ್ಪ ಎಂದು ಕೂಗಿ ಹೇಳಿದಳು.

ಹುಲೆಪ್ಪ ತೀರಿ ಆರು ವರ್ಷವಾಯಿತಂತೆ. ಹೋದ ಮೇಲೂ ಹೇಳಬಾರದೇ ಎಂದೆ. ಭಾಗವ್ವ ಸೀರೆ ಮಡಚುತ್ತ, "ಈಗ ಹೇಳಿ ಯಾರನ್ನ ಕರೀಲಿ ಯವ್ವಾ?" ಎಂದಳು.

ಬಸ್ಸಿನಲ್ಲಿ ಬರುವಾಗ ನನ್ನ ಮೂರನೆಯ ಅಧ್ಯಾಯಕ್ಕೆ ಈ ಚಿತ್ರ ಎಷ್ಟು ಚೆನ್ನಾಗಿ ಕೂಡುತ್ತದೆ ಎಂದೇ ಯೋಚಿಸುತ್ತಿದ್ದೆ.

೨೫ ಫೆಬ್ರವರಿ

ಕಾಲೇಜಿನಲ್ಲಿ ಇವರ ಕ್ಲಾಸುಗಳಿಗೆ ಬೇರೆಯವರನ್ನು ಹಾಕಿದ್ದಾರೆ. ಮೊದಲು ವಾರಕ್ಕೊಬ್ಬರು ನೋಡಲು ಬರುತ್ತಿದ್ದರು, ಈಗ ಯಾರೂ ಇಲ್ಲ. ಬಂದರೂ ನನ್ನ ಜೊತೆ ಮಾತಾಡಿ ಇವರ ಕಡೆ ನೋಡಿ ನಗುತ್ತಾರೆ.

ಇವರು ಕಾರ್ಡುಗಳನ್ನು ಮುಟ್ಟುವುದಿಲ್ಲ. ಇವತ್ತು ಎಲ್ಲವನ್ನೂ ಗುಡಿಸಿ ನೆಲಕ್ಕೆ ಹಾಕಿದರು. ಬಲವಂತ ಮಾಡಲು ನನಗೆ ಹೊತ್ತಿಲ್ಲ, ಇನ್ನೂ ಮೂವತ್ತೊಂದು ಚಿತ್ರ ಬಾಕಿ. ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸುತ್ತೇನೆ. ಏನ್ರಿ, ಇದು ಸರಿಯೇ? ಏನ್ರಿ, ಇದು? ತಲೆಯಾಡಿಸುತ್ತಾರೆ. ಅದೇ ನಮ್ಮ ಮಾತುಕತೆ. ಸಾಕು ಎನಿಸುತ್ತದೆ.

೧೩ ಮಾರ್ಚ್

ಮುಗಿಯಿತು. ನೂರಾ ಹನ್ನೆರಡೂ. ಒಂದೂ ಎರರ್ ಇಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಒಂದೊಂದೇ ನೋಡಿದೆ. ಎಲ್ಲ ಚಿತ್ರವೂ ತನ್ನ ಜಾಗದಲ್ಲಿ, ಅದರ ಕೆಳಗೆ ಅದರದೇ ಹೆಸರು. ಹೆಸರಿಲ್ಲದ ದಡಿಗೆ 'ಹುಲೆಪ್ಪನ ದಡಿ' ಎಂದು ನಾನೇ ಇಟ್ಟೆ. ಯಾರನ್ನು ಕೇಳಲಿ.

ಏನ್ರಿ, ಬರ್ರಿ ಇಲ್ಲೆ ಎಂದು ಕೂಗಿದೆ. ಬಂದರು, ನೋಡಿದರು, "ಏನ್ರಿ" ಎಂದರು. ಅಷ್ಟು ಸ್ಪಷ್ಟ. ಹದಿನೇಳು ವರ್ಷದಲ್ಲಿ ಮೊದಲ ಸಲ ನನಗೂ ಬಹುವಚನ ಸಿಕ್ಕಿತು ಎಂದು ಅತ್ತೆಗೆ ಹೇಳಿ ನಕ್ಕೆ. ಆಮೇಲೆ ದಿನವಿಡೀ ಐದಾರು ಸಲ ಅಂದರು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗಲೂ. ಮಾತು ಬರುತ್ತಿದೆ. ಇನ್ನೂ ಎರಡು ವಾರವಿದೆ.

೨೩ ಮಾರ್ಚ್, ಮಂಗಳವಾರ

ಹೆಸರು ಬರಲಿಲ್ಲ. ರೇಷ್ಮಾ ಮೇಡಂ ಒಂದು ತಾಸು ಅದೊಂದನ್ನೇ ಹಿಡಿದರು. ಹಿಂದೆ ಹಿಂದೆ ಹೇಳುತ್ತಾರೆ, ಬಿಟ್ಟರೆ ಇಲ್ಲ. ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಆಫೀಸಿನಲ್ಲಿ ಯಾರಾದರೂ ಮೊದಲು ಹೇಳಿಬಿಟ್ಟರೆ ಇವರೂ ಹೇಳುತ್ತಾರೆ, ಅದೊಂದೇ ಉಪಾಯ ಎಂದರು. ಗುರುಪಾದ ಸರ್ ಇರುತ್ತಾರೆ ಎಂದೆ.

೩೧ ಮಾರ್ಚ್, ಬುಧವಾರ

ಮೊನ್ನೆ ಸೋಮವಾರ ವಿಶ್ವವಿದ್ಯಾಲಯದ ಆಫೀಸಿನಲ್ಲಿ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಬೈಂಡು ಮಾಡಿಸಿದ ಪ್ರಬಂಧವನ್ನು ತಾವೇ ಹಿಡಿದುಕೊಂಡರು, ನನಗೆ ಕೊಡಲಿಲ್ಲ. ಅಧಿಕಾರಿ ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ಕೊಟ್ಟ. ಪುಟ ತಿರುವಿ, ಚಿತ್ರಗಳನ್ನು ಬಹಳ ಅಚ್ಚುಕಟ್ಟಾಗಿ ಕೂಡಿಸಿದ್ದಾರೆ ಎಂದ. ನನ್ನ ಎದೆ ಉಬ್ಬಿತು. ಸಹಿ ಆಯಿತು. ಆಮೇಲೆ ಹೆಸರು ಹೇಳಿರಿ ಸರ್ ಎಂದ.

ಗುರುಪಾದ ಸರ್ ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. ಗೈಡು ಹೇಳಿಕೊಡುವಂತಿಲ್ಲವಂತೆ. ಇವರು ನನ್ನ ಕಡೆ ನೋಡಿದರು. ಹೆದರಿದ ನೋಟವಲ್ಲ, ಉತ್ತರ ಗೊತ್ತಿರುವ ವಿದ್ಯಾರ್ಥಿಯ ನೋಟ. ನೆಟ್ಟಗೆ ಕೂತು, "ಏನ್ರಿ" ಎಂದರು.

ಕೇಳಿಸಲಿಲ್ಲವೇನೋ ಎಂದು ಅಧಿಕಾರಿ ಮತ್ತೆ ಕೇಳಿದ. ಇವರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, ಬಿಡಿಸಿ, ನಿಧಾನವಾಗಿ ಹೇಳಿದರು. "ಏನ್ರಿ."

ನನಗೆ ಆಗ ತಿಳಿಯಿತು. ಐದೂವರೆ ತಿಂಗಳು, ದಿನಕ್ಕೆ ನೂರು ಸಲ. ಮೇಡಂ ಹೇಳಿದ್ದು ಒಂದಕ್ಷರ ತಪ್ಪಿರಲಿಲ್ಲ. ಇವರು ಕಲಿತಿದ್ದರು. ನಾನು ಕಲಿಸಿದ್ದನ್ನು ಕಲಿತಿದ್ದರು.

ಅಧಿಕಾರಿ ನನ್ನ ಕಡೆ ತಿರುಗಿ, "ಅಕ್ಕಾರ, ನೀವರೆ ಹೇಳ್ರಿ. ಇವರ ಹೆಸರೇನು?" ಎಂದ. ಅವನು ದಾರಿ ಮಾಡಿಕೊಟ್ಟಿದ್ದ. ನಾನು ಹೇಳಿದ್ದರೆ ಇವರು ಹಿಂದೆಯೇ ಹೇಳುತ್ತಿದ್ದರು, ಅವನು ಟಿಕ್ಕು ಹಾಕುತ್ತಿದ್ದ. ನಾನು ಮೊದಲ ಪುಟ ತೆರೆದು, ಅಚ್ಚಾದ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಆರಾಮಾದ ಮೇಲೆ ಬರ್ರಿ ಎಂದು ಪ್ರಬಂಧವನ್ನು ಮೆಲ್ಲಗೆ ನಮ್ಮ ಕಡೆ ಸರಿಸಿದ. ಗುರುಪಾದ ಸರ್ ಮೆಟ್ಟಿಲಿಳಿಯುವಾಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತ ಖುಷಿಯಾಗಿಯೇ ಇದ್ದರು, ಪರೀಕ್ಷೆ ಪಾಸಾದವರ ಹಾಗೆ.

ಇವತ್ತು ಸಂಜೆ ಐದು ಗಂಟೆಗೆ ನೋಂದಣಿ ಮುಗಿಯಿತು.

೯ ಏಪ್ರಿಲ್, ಶುಕ್ರವಾರ

ಇವತ್ತಿಗೆ ಆರು ತಿಂಗಳು.

ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ಇವರು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರ ನೋಡುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಇನ್ನು ಯಾವ ಆಫೀಸಿಗೂ ಬೇಕಾಗಿಲ್ಲ, ಯಾರೂ ಕೇಳುವುದಿಲ್ಲ. ಆದರೂ ಒಮ್ಮೆ ಕರೆಯಬೇಕೆನಿಸಿತು.

ಚನಮಲ್ಲಪ್ಪ ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಇವರು ತಲೆಯೆತ್ತಿದರು. ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದರು.

ಇನ್ನೊಮ್ಮೆ ಕರೆದೆ, ಜೋರಾಗಿ. ಚನಮಲ್ಲಪ್ಪ.

ಇವರು ಪ್ರಬಂಧವನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದರು. ನಿಧಾನವಾಗಿ ನಡೆದು ಹೋಗಿ ಚಿಲಕ ತೆಗೆದರು. ಬಾಗಿಲನ್ನು ಪೂರ್ತಿ ತೆರೆದು, ಬಂದವರು ಒಳಗೆ ಬರಲೆಂದು ಪಕ್ಕಕ್ಕೆ ಸರಿದು ನಿಂತುಕೊಂಡರು.